ಐವತ್ತೈದು ಪರ್ಸೆಂಟಿನ ಮಕ್ಬೂಲ್

ಬಾಂಗ್ಸಾರಿನ ರೈಲು ನಿಲ್ದಾಣದ ಕೆಳಗಿರುವ ಮಾಮಕ್ ಅಂಗಡಿಯಲ್ಲಿ, ಅಂದರೆ ತಮಿಳು ಮುಸ್ಲಿಮರ ಚಹಾದಂಗಡಿಯಲ್ಲಿ, ಭಾನುವಾರದ ಬೆಳಿಗ್ಗೆ ಯಜ್ಞನಾರಾಯಣ ಮೇಷ್ಟರು ಚಹಾದ ನೊರೆಯನ್ನು ಮೀಸೆಗೆ ತಗುಲಿಸದೆ ಹೀರುವ ವಿದ್ಯೆಯನ್ನು ಅಭ್ಯಾಸ ಮಾಡುತ್ತಿದ್ದರು. ತಿಪಟೂರಿನ ಹೈಸ್ಕೂಲಿನಲ್ಲಿ ಮೂವತ್ತನಾಲ್ಕು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದವರು ಅವರು. ಕಡಲಾಚೆಯ ಈ ದೇಶದಲ್ಲಿರುವ ಮಗಳು ಅನನ್ಯಳ ಮನೆಗೆ ಬಂದು ಹತ್ತೇ ದಿನವಾಗಿತ್ತು. "ಸಕ್ಕರೆ ಬೇಡ ಅಂದರೆ ಇಲ್ಲಿ ಹಾಲೇ ಸಿಹಿಯಾಗಿರುತ್ತೆ ಕಣೇ" ಎಂದು ಫೋನಿನಲ್ಲಿ ಹೆಂಡತಿಗೆ ದೂರು ಹೇಳಿ ಮುಗಿಸುವಷ್ಟರಲ್ಲಿ, ಪಕ್ಕದ ಮೇಜಿನಿಂದ ಒಬ್ಬ ದುಂಡು ಮುಖದ ಮನುಷ್ಯ ತನ್ನ ರೊಟ್ಟಿಯ ತಟ್ಟೆಯ ಸಮೇತ ಎದ್ದು ಬಂದು ಅವರ ಎದುರಿಗೆ ಕುಳಿತನು.

"ಕನ್ನಡದವರಾ? ನಾನು ಗಂಗೊಳ್ಳಿಯ ಮಕ್ಬೂಲ್. ಕ್ಲಾಂಗ್ ಬಂದರಿನಲ್ಲಿ ಕಂಟೇನರ್ ಕೆಲಸ. ತಾವು?"

"ಮೇಷ್ಟ್ರು. ಈಗ ರಿಟೈರ್ಡು."

ಮಕ್ಬೂಲನ ಕಣ್ಣು ಅರಳಿತು. ಕೈಚೀಲದೊಳಗಿಂದ ಪ್ಲಾಸ್ಟಿಕ್ ಹೊದಿಕೆ ಹಾಕಿದ ಒಂದು ಕಾಗದವನ್ನು ತೆಗೆದು, ಕರವಸ್ತ್ರದಿಂದ ಮೇಜನ್ನು ಒರೆಸಿ, ಅದನ್ನು ಮೇಷ್ಟರ ಮುಂದಿಟ್ಟನು. "ಸಾರ್, ಇದನ್ನೊಮ್ಮೆ ನೋಡಿ."

ಅದು ಕಾರಿನ ವಿಮೆಯ ಕಾಗದ. ಮಕ್ಬೂಲನ ಬೆರಳು ನಡುವಿನ ಒಂದು ಸಾಲಿನ ಮೇಲೆ ನಿಂತಿತ್ತು: ಐವತ್ತೈದು ಪರ್ಸೆಂಟ್.

"ನನ್ನ ಜನ್ಮದಲ್ಲೇ ಬಂದ ಅತಿ ದೊಡ್ಡ ಮಾರ್ಕು, ಸಾರ್! ಎಸ್ಸೆಸ್ಸೆಲ್ಸಿಯಲ್ಲಿ ಮೂರು ಸಲ ಕೂತು ಮೂವತ್ತೈದರ ಮೇಲೆ ಹೋದವನಲ್ಲ ನಾನು."

ಮೇಷ್ಟರು ಕನ್ನಡಕ ಏರಿಸಿದರು. ವರ್ಷವಿಡೀ ಪರಿಹಾರ ಕೇಳದೆ ಕಾರು ಓಡಿಸಿದವನಿಗೆ ಮುಂದಿನ ವರ್ಷದ ಕಂತಿನಲ್ಲಿ ರಿಯಾಯಿತಿ. ಮೊದಲ ವರ್ಷ ಇಪ್ಪತ್ತೈದು. ಹಾಗೆಯೇ ಮೆಟ್ಟಿಲು ಹತ್ತಿ ಐದನೆಯ ವರ್ಷಕ್ಕೆ ಐವತ್ತೈದು. ಅದರ ಮೇಲೆ ಮೆಟ್ಟಿಲಿಲ್ಲ.

"ಅಂದರೆ ನೀನು ರ‍್ಯಾಂಕ್ ವಿದ್ಯಾರ್ಥಿ ಅನ್ನು!" ಎಂದರು ಮೇಷ್ಟರು, ತಮಗೇ ಗೊತ್ತಿಲ್ಲದಂತೆ ಏಕವಚನಕ್ಕೆ ಇಳಿದು. "ಮಧ್ಯೆ ಒಂದು ಸಲ ಪರಿಹಾರ ಕೇಳಿದರೆ?"

"ಸೊನ್ನೆ" ಎಂದು ಮಕ್ಬೂಲ್ ಪಿಸುಗುಟ್ಟಿದನು, ಸುತ್ತಮುತ್ತ ಯಾರಾದರೂ ಕೇಳಿಸಿಕೊಂಡಾರು ಎಂಬಂತೆ.

ಆ ಅಂಕವನ್ನು ಅವನು ಕಾಪಾಡಿಕೊಂಡ ಬಗೆಯೇ ಒಂದು ಪುರಾಣ. ಮೋಟಾರ್ ಸೈಕಲ್ಲೊಂದು ಬಾಗಿಲು ಗೀರಿದಾಗ, ಹೆಂಡತಿ ಝುಬೇದಾಳ ಉಗುರುಬಣ್ಣವನ್ನು ಕದ್ದು ಬಳಿದಿದ್ದನು. ಹಿಂದಿನ ದೀಪ ಒಡೆದಾಗ ಅದಕ್ಕೆ ಕೆಂಪು ಟೇಪು ಸುತ್ತಿದ್ದನು. "ಇವರಿಗೆ ಕಾರಿಗಿಂತ ಕಾಗದ ಮುಖ್ಯ" ಎಂದು ಝುಬೇದಾ ಬಂದವರಿಗೆಲ್ಲ ಹೇಳುವಳು.

ಮುಂದಿನ ಭಾನುವಾರ ಮಕ್ಬೂಲ್ ಮೇಷ್ಟರನ್ನು ನಿಲಾಯಿಗೆ ಕರೆದುಕೊಂಡು ಹೊರಟನು. ಅವನ ಮಗಳು ಸುಫಿಯಾ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಳು. ಝುಬೇದಾ ಕಟ್ಟಿಕೊಟ್ಟ ಬಿರಿಯಾನಿಯ ಡಬ್ಬಿ ಹಿಂದಿನ ಸೀಟಿನಲ್ಲಿ ಬೆಲ್ಟು ಬಿಗಿದುಕೊಂಡು ಕುಳಿತಿತ್ತು. ದಾರಿಯಲ್ಲಿ ಮಕ್ಬೂಲ್ ವಿಮೆಯ ಮೂರು ತರಗತಿಗಳ ಪಾಠ ಮಾಡಿದನು.

"ಥರ್ಡ್ ಪಾರ್ಟಿ ಅಂದ್ರೆ, ನಾವು ಪಕ್ಕದ ಮನೆಯ ಹೆಂಚು ಒಡೆದ್ರೆ ಕಂಪನಿಯವರು ಕೊಡ್ತಾರೆ. ನಮ್ಮ ಹೆಂಚು ನಮ್ಮ ಹಣೆಬರಹ. ಎರಡನೆಯದರಲ್ಲಿ ಅದರ ಜೊತೆಗೆ ಬೆಂಕಿ ಮತ್ತು ಕಳ್ಳ ಸೇರ್ತಾರೆ. ಮೂರನೆಯದು ಕಾಂಪ್ರಹೆನ್ಸಿವ್. ಅದ್ರಲ್ಲಿ ನಮ್ಮ ಹೆಂಚೂ ಉಂಟು. ನನ್ನದು ಅದು."

"ಎಲ್ಲವೂ ಬಂತಲ್ಲ ಹಾಗಾದರೆ."

"ಎಲ್ಲಿ ಬಂತು ಮಾರಾಯ್ರೆ! ಮಳೆಯ ನೆರೆಗೆ ಬೇರೆ ಬರೆಸಬೇಕು, ಮುಂದಿನ ಗಾಜಿಗೆ ಬೇರೆ ಬರೆಸಬೇಕು. ಊಟಕ್ಕೆ ಕೂತ್ಮೇಲೆ ಉಪ್ಪಿನಕಾಯಿಗೆ ಬೇರೆ ಚೀಟಿ. ನಾನು ಬರೆಸ್ಲಿಲ್ಲ."

ಬಿಸಿಲು ಚುರುಗುಟ್ಟುತ್ತಿತ್ತು. ಒಂದು ತೋಟದ ಬದಿಯ ಹಣ್ಣಿನಂಗಡಿಯಲ್ಲಿ ಎಳನೀರು ಕುಡಿಯಲು ನಿಂತರು. ಮಕ್ಬೂಲ್ ಬಯಲಿನಲ್ಲಿ ಕಾರು ನಿಲ್ಲಿಸಲು ಹೋದನು. ಮೇಷ್ಟರು ಇಳಿದು, ಅಂಗಡಿಯ ಪಕ್ಕದ ದೊಡ್ಡ ಮರದ ಕೆಳಗೆ ನಿಂತು, ತಲೆಯೆತ್ತಿ ಕೊಂಬೆಗಳನ್ನು ಪರೀಕ್ಷಿಸಿದರು. ತೆಂಗಿನ ಸೀಮೆಯವರು ಯಾವ ನೆರಳಿಗೂ ತಲೆಯೆತ್ತಿ ನೋಡದೆ ಹೋಗುವುದಿಲ್ಲ. ಕಾಯಿಗಳೇನೋ ಇದ್ದವು, ಆದರೆ ತೆಂಗಲ್ಲ, ಮುಳ್ಳುಮುಳ್ಳಾದ ಎಳೆಯ ಹಲಸು.

"ಇಲ್ಲಿಗೆ ತಗೊಂಡು ಬಾ! ನೆರಳಿದೆ!"

"ಸಾರ್, ಆದರೆ ಆ ಮರ..."

"ಆದರೆ ಗೀದರೆ ಏನೂ ಇಲ್ಲ. ಹಲಸು ತಾನಾಗಿ ಯಾರ ತಲೆಯ ಮೇಲೂ ಬೀಳಲ್ಲ. ನಾನು ಸೈನ್ಸ್ ಮೇಷ್ಟ್ರು. ಬಾ ಬಾ ಬಾ... ಸಾಕು!"

ಹತ್ತೊಂಬತ್ತು ವರ್ಷ ಈ ದೇಶದಲ್ಲಿದ್ದ ಮಕ್ಬೂಲನಿಗೆ ಅದು ಹಲಸಿನಂತೆ ಮುಳ್ಳುಮುಳ್ಳಾದ, ದೂರಕ್ಕೇ ನಾರುವ ಹಣ್ಣು ಬಿಡುವ ಡುರಿಯನ್ ಮರವೆಂದೂ, ಮಾಗಿದ ಡುರಿಯನ್ ಯಾರಿಗೂ ಹೇಳದೆ ಕೇಳದೆ ಉದುರುವುದೆಂದೂ ಚೆನ್ನಾಗಿ ತಿಳಿದಿತ್ತು. ಆದರೆ ಮೇಷ್ಟರೊಬ್ಬರು "ಸಾಕು" ಎಂದ ಮೇಲೆ ಎದುರಾಡುವ ಧೈರ್ಯ ಅವನಿಗೆ ಎಂದೂ ಇರಲಿಲ್ಲ. ನಿಲ್ಲಿಸಿದನು.

"ಎಲ್ಲೋ ಗ್ಯಾಸ್ ಸೋರುತ್ತಾ ಇದೆಯಪ್ಪ" ಎಂದು ಮೇಷ್ಟರು ಮೂಗು ಮುಚ್ಚಿಕೊಂಡು ಎಳನೀರಿಗೆ ಬಾಯಿಟ್ಟಿದ್ದರು, ಅಷ್ಟೇ. ಧಡ್! ಮುಂದಿನ ಗಾಜು ಜೇಡರ ಬಲೆಯಾಯಿತು. ಹಣ್ಣು ಅಲ್ಲಿಂದ ಪುಟಿದು ಬಾನೆಟ್ಟಿನ ಮೇಲೆ ಒಂದು ಗುಳಿ ಕೊರೆದು, ಉರುಳಿ ಬಂದು ಮೇಷ್ಟರ ಚಪ್ಪಲಿಯ ಮುಂದೆ ನಿಂತಿತು.

ಮಕ್ಬೂಲ್ ಕಾರನ್ನು ನೋಡಲಿಲ್ಲ. ಕೈಚೀಲವನ್ನು ಎದೆಗೊತ್ತಿಕೊಂಡನು. "ಹೋಯ್ತು ಸಾರ್. ನನ್ನ ಐವತ್ತೈದು."

ಮೇಷ್ಟರಿಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಖಾಲಿ ಉತ್ತರಪತ್ರಿಕೆಗೂ, ಹೆಸರು ಸರಿಯಾಗಿ ಬರೆದಿದ್ದಾನೆಂದು ಒಂದಂಕ ಕೊಟ್ಟವರು ಅವರು. ಇಡೀ ವೃತ್ತಿಯಲ್ಲಿ ಯಾರಿಗೂ ಸೊನ್ನೆ ಹಾಕಿದವರಲ್ಲ. "ಗಾಜಿನ ದುಡ್ಡು ನಾನು ಕೊಡ್ತೀನಿ. ಪರಿಹಾರ ಕೇಳಬೇಡ!"

"ಗುರುಗಳ ಹತ್ರ ದುಡ್ಡು ತಗೊಂಡ್ರೆ ನನ್ನ ಅಬ್ಬಾ ಗೋರಿಯಿಂದ ಎದ್ದು ಬರ್ತಾರೆ. ಬೇಡ ಸಾರ್."

ಕೊನೆಗೆ ಮಕ್ಬೂಲ್ ಮನೆಗೆ ಫೋನು ಮಾಡಿದನು. ಝುಬೇದಾಳ ಧ್ವನಿ ಇಡೀ ಅಂಗಡಿಗೆ ಕೇಳಿಸಿತು.

"ಬಿರಿಯಾನಿ ಚೆಲ್ಲಿತಾ?"

"ಇಲ್ಲ. ಗಾಜು ಒಡೀತು."

"ಅಷ್ಟೇನಾ? ಗಾಜಿಗೆ ನಾನು ಈ ವರ್ಷ ಬರೆಸಿದ್ದೇನಲ್ಲ. ರಿನ್ಯೂ ಮಾಡುವಾಗ ಟಿಕ್ ಹಾಕಿದೆ."

"ನನ್ನನ್ನು ಕೇಳದೆ?"

"ಕೇಳಿದ್ರೆ ಬೇಡ ಅಂತಿದ್ರಿ. ಅದಕ್ಕೇ ಕೇಳ್ಲಿಲ್ಲ. ಗಾಜಿನ ಲೆಕ್ಕ ಬೇರೆಯೇ ಉಂಟು. ನಿಮ್ಮ ಐವತ್ತೈದನ್ನು ಅದು ಮುಟ್ಟುದಿಲ್ಲ. ಕಾಗದವನ್ನು ದಿನಾ ಮುದ್ದಿಸ್ತೀರಿ, ಎರಡನೇ ಪುಟ ಓದ್ಲಿಕ್ಕೆ ಏನು ದಾಡಿ?"

ಮಕ್ಬೂಲ್ ಹೊದಿಕೆಯೊಳಗಿನ ಹಾಳೆಯನ್ನು ತಿರುವಿದನು. ಇತ್ತು. ಅವನು ಕಿರುಚಿದ ಕಿರುಚಿಗೆ ಅಂಗಡಿಯ ಕೋಳಿ ಛಾವಣಿ ಹತ್ತಿತು. ಮೇಷ್ಟರು, ಎಪ್ಪತ್ತರ ಮನುಷ್ಯ, ಎಳನೀರಿನ ಬುರುಡೆಯನ್ನು ಎತ್ತಿಹಿಡಿದು ಎರಡು ಹೆಜ್ಜೆ ಕುಣಿದೇ ಬಿಟ್ಟರು.

"ಆ ಬಾನೆಟ್ಟಿನ ಗುಳಿ?" ಎಂದು ಆಮೇಲೆ ಅನುಮಾನಿಸಿದರು.

"ಅದು ಗಾಜಲ್ಲವಲ್ಲ, ಅದಕ್ಕೆ ಕೇಳಿದ್ರೆ ಸೊನ್ನೆ. ಇರ‍್ಲಿ ಬಿಡಿ, ನಿಮ್ಮ ನೆನಪಿಗೆ."

ಅಂಗಡಿಯವನು ಅಪರಾಧಿ ಹಣ್ಣನ್ನು ಸೀಳಿ ಕೊಟ್ಟನು. ಮೇಷ್ಟರು ಮೂಗು ಮುಚ್ಚಿಕೊಂಡು ಒಂದು ತೊಳೆ ತಿಂದರು; ಮೂಗು ಬಿಟ್ಟು ಇನ್ನೂ ನಾಲ್ಕು ತಿಂದರು. ನಿಲಾಯಿಗೆ ಅವರು ಹೋಗಿ ಸೇರಿದ್ದು ಬಾಡಿಗೆ ಕಾರಿನಲ್ಲಿ. ಅದರ ಚಾಲಕ ನಾಲ್ಕೂ ಕಿಟಕಿಗಳನ್ನು ತೆರೆದಿಟ್ಟಿದ್ದನು.

ಈಗ ಮೇಷ್ಟರು ತಿಪಟೂರಿನಲ್ಲಿದ್ದಾರೆ. ಪ್ರತಿ ವರ್ಷ ವಿಮೆ ಹೊಸದಾದ ದಿನವೇ ಮಕ್ಬೂಲ್ ಅದರ ಚಿತ್ರವನ್ನು ಅವರಿಗೆ ಕಳುಹಿಸುತ್ತಾನೆ. ಅವರು ಅಚ್ಚು ಹಾಕಿಸಿ, ಕೆಳಗೆ "ನೋಡಿದ್ದೇನೆ, ಸಂತೋಷ" ಎಂದು ಕೆಂಪು ಶಾಯಿಯಲ್ಲಿ ಸಹಿ ಮಾಡಿ ಚಿತ್ರ ತೆಗೆದು ಹಿಂದಿರುಗಿಸುತ್ತಾರೆ.

ಭಾನುವಾರಗಳಂದು ಮಕ್ಬೂಲ್ ಅದೇ ಮಾಮಕ್ ಅಂಗಡಿಯಲ್ಲಿ ಸಿಗುತ್ತಾನೆ. ಊರಿನಿಂದ ಹೊಸದಾಗಿ ಬಂದು ಕಾರು ಕೊಂಡವರು ವಿಮೆಯ ಸಲಹೆ ಕೇಳಲು ಅಲ್ಲಿಗೇ ಬರುವುದು. ಮೊನ್ನೆ ಗುರುದತ್ ಎಂಬ ಮೈಸೂರಿನ ಹುಡುಗ ಬಂದು, "ಥರ್ಡ್ ಪಾರ್ಟಿ ಸಾಕಲ್ವಾ ಅಂಕಲ್?" ಎಂದು ಕೇಳಿದನಂತೆ.

"ಅದು ಆಮೇಲೆ. ಕಾರು ನಿಲ್ಲಿಸುವಲ್ಲಿ ಯಾವ ಮರ ಉಂಟು?"

"ಮರಾನಾ? ನೋಡಿಲ್ಲ. ಯಾವುದೋ ಹಲಸು ಇರಬೇಕು."

ಮಕ್ಬೂಲ್ ಚಹಾದ ಲೋಟವನ್ನು ಕೆಳಗಿಟ್ಟನು. "ಏಳು ಮಾರಾಯ" ಎಂದು ಅವನ ಕೈ ಹಿಡಿದು, ಬಾನೆಟ್ಟಿನ ಗುಳಿ ತೋರಿಸಲು ಕಾರಿನ ಕಡೆಗೆ ಎಳೆದುಕೊಂಡು ಹೋದನು.