ಅಯ್ಯನವರು ಅಳೀಮಯ್ಯ ಆದ ಮೂರು ತಿಂಗಳು

ನನ್ನ ಗಂಡ ಸಭಾಪಾಲಕರು. ಶಿವಾಜಿನಗರದ ಮಾರ್ಕೆಟ್ಟಿನ ಗದ್ದಲ ಮುಗಿದು ಹಳೆಯ ಮರಗಳ ರಸ್ತೆ ಶುರುವಾಗುವ ಕಡೆ ನಮ್ಮ ಕನ್ನಡ ಸಭೆಯ ಚರ್ಚು ಇತ್ತು. ಅದೇ ಕಾಂಪೌಂಡಿನಲ್ಲಿ ನಾವಿದ್ದ ಹೆಂಚಿನ ಮನೆ. ಆ ಮನೆಗೆ ಬಾಗಿಲಿತ್ತು, ಚಿಲಕವೂ ಇತ್ತು. ಹಗಲು ಹೊತ್ತಿನಲ್ಲಿ ಅದನ್ನು ಹಾಕಿದ ನೆನಪು ಮಾತ್ರ ನನಗಿಲ್ಲ. ಹಾಲು ಬರುವ ಮುಂಚೆಯೇ ಯಾರಾದರೂ ಬಂದು ವರಾಂಡದ ಬೆಂಚಿನ ಮೇಲೆ ಕೂತಿರುತ್ತಿದ್ದರು. ಮಗನಿಗೆ ಕಾಲೇಜಿನಲ್ಲಿ ಸೀಟು ಬೇಕು, ಗಂಡನ ಕುಡಿತ ಬಿಡಿಸಬೇಕು, ಆಪರೇಷನ್ನಿಗೆ ಹೋಗುವ ಮೊದಲು ತಲೆ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಬೇಕು. ಎಲ್ಲರಿಗೂ ಅವರು ಅಯ್ಯನವರು, ನಾನು ಅಮ್ಮನವರು. ನಮಗಿಬ್ಬರಿಗೂ ಬೇರೆ ಹೆಸರಿದೆ ಎನ್ನುವುದು ನಮಗೇ ಮರೆತು ಹೋಗಿತ್ತು.

ಅವರಿಗೆ ಶೇವಿಂಗ್ ಮಾಡಿಕೊಳ್ಳುವಾಗ ಗುನುಗುವ ಅಭ್ಯಾಸವಿತ್ತು. ಬಕೆಟ್ಟಿಗೆ ನೀರು ಬೀಳುವ ಸದ್ದಿಗೆ ರಾಗ ಸೇರಿಸಿಕೊಂಡು ಅರ್ಧ ಕೀರ್ತನೆ ಮುಗಿಸಿಯೇ ಹೊರಗೆ ಬರುತ್ತಿದ್ದರು. ಅದು ಯಾವಾಗ ನಿಂತಿತೋ ನಾನು ಗಮನಿಸಲಿಲ್ಲ. ಕೊರೊನಾ ಎರಡನೇ ಸಲ ಬಂದಾಗಲೇ ಇರಬೇಕು. ಆಗ ಸಮಾಧಿಗೆ ಹೋಗುವವರು ಅವರೊಬ್ಬರೇ. ಮನೆಯವರು ಗೇಟಿನಾಚೆ, ಇಲ್ಲವೇ ಆಸ್ಪತ್ರೆಯಲ್ಲಿ. ಮೈಪೂರ್ತಿ ಪ್ಲಾಸ್ಟಿಕ್ ತೊಟ್ಟವರು ಪೆಟ್ಟಿಗೆ ಇಳಿಸುತ್ತಿದ್ದರು, ಇವರು ಮಾಸ್ಕಿನೊಳಗಿಂದ ಪ್ರಾರ್ಥನೆ ಹೇಳುತ್ತಿದ್ದರು. ಮನೆಗೆ ಬಂದು ಹೊರಗಿನ ನಲ್ಲಿಯಲ್ಲೇ ಸ್ನಾನ ಮಾಡಿ, ಎರಡು ತುತ್ತು ಉಣ್ಣುವಷ್ಟರಲ್ಲಿ ಮತ್ತೆ ಫೋನು. ನಮ್ಮ ಚರ್ಚಿನ ಹಾಡುಗಾರರ ತಂಡ, ಕಾಯಿರ್, ನಡೆಸುತ್ತಿದ್ದವರು ಇವರಿಗೆ ಕಾಲೇಜಿನ ಕಾಲದಿಂದಲೂ ಗೆಳೆಯ. ಅವರನ್ನು ಮಣ್ಣು ಮಾಡಿ ಬಂದ ದಿನ ಇವರು ಅಳುತ್ತಾರೆಂದು ನಾನು ಕಾದೆ. ಅಳಲಿಲ್ಲ. "ಸಾರಿಗೆ ಉಪ್ಪು ಕಮ್ಮಿ ಆಗಿದೆ" ಎಂದರು, ಉಂಡರು, ಎದ್ದು ಹೋದರು.

ಆ ಕಾಲ ಕಳೆಯಿತು. ನಿಂತುಹೋಗಿದ್ದ ಮದುವೆಗಳು ಶುರುವಾದವು, ಚರ್ಚು ಮತ್ತೆ ತುಂಬಿತು. ಇವರು ಮಾತ್ರ ಎಲ್ಲಿಂದಲೋ ವಾಪಸು ಬರಲಿಲ್ಲ. ಕಾರು ತಂದು ಕಾಂಪೌಂಡಿನಲ್ಲಿ ನಿಲ್ಲಿಸಿ, ಇಳಿಯದೆ, ಸ್ಟೀರಿಂಗ್ ಹಿಡಿದುಕೊಂಡೇ ಕೂತಿರುತ್ತಿದ್ದರು. ನಾನು ಅಡುಗೆಮನೆ ಕಿಟಕಿಯಿಂದ ನೋಡುತ್ತಿದ್ದೆ. ಒಳಗೆ ಬಂದ ಮೇಲೆ ಕೇಳಿದರೆ, "ಏನಿಲ್ಲ, ಟ್ರಾಫಿಕ್" ಎನ್ನುತ್ತಿದ್ದರು.

ಹಲಸೂರಿನ ಒಂದು ಮನೆತನದ ಹುಡುಗಿಯ ಮದುವೆಯ ದಿನ ಎಲ್ಲವೂ ಹೊರಗೆ ಬಿತ್ತು. ಆ ವಾರ ಸಭೆಯವರ ಮನೆಗಳಲ್ಲಿ ಸಾವುಗಳಾಗಿದ್ದವು, ಇವರಿಗೆ ಸರಿಯಾದ ನಿದ್ದೆ ಇರಲಿಲ್ಲ. ಹುಡುಗಿ ಬಿಳಿ ಸೀರೆಯಲ್ಲಿ ತಂದೆಯ ಕೈ ಹಿಡಿದು ಬಂದಳು, ಆರ್ಗನ್ ನಿಂತಿತು, ಎಲ್ಲರೂ ಎದ್ದು ನಿಂತರು. ಇವರು ಪುಸ್ತಕವನ್ನೂ ನೋಡದೆ, ಸ್ಪಷ್ಟವಾದ ದನಿಯಲ್ಲಿ, ಶವಸಂಸ್ಕಾರದ ಮೊದಲ ಸಾಲುಗಳನ್ನು ಹೇಳತೊಡಗಿದರು.

ಮದುಮಗನ ತಾಯಿ ಬಾಯಿಗೆ ಸೆರಗು ಒತ್ತಿಕೊಂಡರು. ಇವರು ಹೇಳುತ್ತಲೇ ಇದ್ದರು, ಕಣ್ಣು ಎಲ್ಲೋ ಬಾಗಿಲ ಆಚೆ. ಆಗ ಮುಂದಿನ ಬೆಂಚಿನಲ್ಲಿದ್ದ ಹುಡುಗಿಯ ಅಜ್ಜಿ ಎದ್ದರು. ಅವರು ನಮ್ಮ ಸ್ತ್ರೀಯರ ಕೂಟದ ಅಧ್ಯಕ್ಷೆ, ಹಲಸೂರಿನಲ್ಲೇ ಹುಟ್ಟಿ ಬೆಳೆದವರು, ಕನ್ನಡಕ್ಕೆ ತಮಿಳು ಬೆರೆಸಿ ಮಾತಾಡುವವರು. ಕೋಲೂರಿಕೊಂಡು ವೇದಿಕೆಯ ಮೆಟ್ಟಿಲ ತನಕ ನಡೆದು ಹೋಗಿ ಇವರ ತೋಳು ಹಿಡಿದರು.

"ಅಯ್ಯನವ್ರೇ, ಇದು ಕಲ್ಯಾಣ. ನಮ್ ಪಾಪುಗೆ ಕಲ್ಯಾಣ."

ಇವರು ಬೆಚ್ಚಿಬಿದ್ದು ನೋಡಿದರು. "ಕ್ಷಮಿಸಿ" ಎಂದರು. ಪುಟ ಹುಡುಕಿದರು, ಸಿಗಲಿಲ್ಲ. ಅಜ್ಜಿಯೇ ಪುಟ ತೆಗೆದು ಕೊಟ್ಟು, ತಾವು ಅಲ್ಲೇ ಪಕ್ಕದಲ್ಲಿ ನಿಂತರು. ಮದುವೆ ಮುಗಿಯಿತು. ಹುಡುಗಿ ಒಳ್ಳೆಯವಳು, ಹೊರಗೆ ಫೋಟೋ ತೆಗೆಯುವಾಗ, "ಅಯ್ಯನವ್ರೇ, ನಮ್ ಮದ್ವೆ ಯಾರೂ ಮರೆಯಲ್ಲ ಬಿಡಿ" ಎಂದು ನಕ್ಕಳು. ಇವರು ನಗಲಿಲ್ಲ.

ಮುಂದಿನ ವಾರ ಸಭಾ ಹಿರಿಯರು ನಮ್ಮ ಮನೆಯ ಹಾಲಿನಲ್ಲೇ ಸೇರಿದರು. ನಾನು ಕಾಫಿ ಕೊಡುತ್ತಾ ಬಾಗಿಲಲ್ಲಿ ನಿಂತಿದ್ದೆ. ಇವರಿಗೆ ಮೂರು ತಿಂಗಳು ವಿಶ್ರಾಂತಿ ಕೊಡಬೇಕು, ಬಿಷಪ್ಪರೂ ಒಪ್ಪಿದ್ದಾರೆ ಎಂದು ಅಜ್ಜಿ ಮಾತು ತೆಗೆದರು. ಬ್ಯಾಂಕಿನಲ್ಲಿ ಮ್ಯಾನೇಜರಾಗಿ ರಿಟೈರ್ ಆಗಿದ್ದ ನಮ್ಮ ಕಾರ್ಯದರ್ಶಿಗೆ ಅದು ಸರಿ ಬರಲಿಲ್ಲ.

"ನಾನು ಇಡೀ ಸರ್ವೀಸಲ್ಲಿ ಒಂದ್ ವಾರ ಸುಮ್ನೆ ಕೂತವನಲ್ಲ. ದೇವರ ಕೆಲಸಕ್ಕೆ ರಜಾ ಅಂದ್ರೆ ಏನ್ರೀ ಅರ್ಥ?"

"ನಿಮ್ಗೆ ಸಂಡೇ ರಜಾ ಇತ್ತಲ್ಲ ಸಾರ್? ಅವ್ರಿಗೆ ಯಾವತ್ತು?" ಎಂದರು ಅಜ್ಜಿ.

"ಯಾರಿಗಾದ್ರೂ ಸೀರಿಯಸ್ ಆದ್ರೆ ಯಾರು ಹೋಗೋದು?"

"ನೀವು ಹೋಗಿ. ನಾನೂ ಬರ್ತೀನಿ."

ಕಾರ್ಯದರ್ಶಿ ಕಾಫಿ ಕಪ್ಪನ್ನು ಸಾಸರಿನ ಮೇಲೆ ಜೋರಾಗಿಯೇ ಇಟ್ಟರು. ಆದರೂ ಒಪ್ಪಿದರು. ಸಭೆಯ ಫೋನನ್ನು ಇವರು ಅವತ್ತೇ ಅವರ ಕೈಗೆ ಕೊಟ್ಟರು. ಕೊಡುವಾಗ ಒಂದು ಕ್ಷಣ ಬಿಡದೆ ಹಿಡಿದುಕೊಂಡಿದ್ದರು, ಮಗುವನ್ನು ಮೊದಲ ದಿನ ಶಾಲೆಗೆ ಬಿಡುವವರ ಹಾಗೆ.

ಹೋಗುವುದು ಎಲ್ಲಿಗೆ? ಬೆಟ್ಟದ ಮೇಲಿನ ಧ್ಯಾನಮಂದಿರ, ಕೊಡೈಕನಾಲ್ ಎಂದು ಯಾರು ಯಾರೋ ಹೇಳಿದರು. ನಾವು ಹೋದದ್ದು ಕಗ್ಗದಾಸಪುರಕ್ಕೆ. ನನ್ನ ಅಪ್ಪ ವಿಮಾನದ ಕಾರ್ಖಾನೆಯಲ್ಲಿ ದುಡಿದು, ವಿಮಾನಪುರದ ಕ್ವಾರ್ಟರ್ಸ್ ಬಿಡುವ ಹೊತ್ತಿಗೆ ಅಲ್ಲಿ ಸಣ್ಣ ಮನೆ ಕಟ್ಟಿಸಿದ್ದರು. ಸುತ್ತ ಆಗ ರಾಗಿ ಹೊಲವಿತ್ತು. ಈಗ ನಾಲ್ಕೂ ಕಡೆ ಅಪಾರ್ಟ್‌ಮೆಂಟು, ನಡುವೆ ಈ ಮನೆ ಮತ್ತು ಪಕ್ಕದ ಮನೆ ಎರಡೇ ತಗ್ಗಾಗಿ ಉಳಿದಿವೆ. ಅಪ್ಪನ ನಂತರ ಮನೆ ನನ್ನ ಪಾಲಿಗೆ ಬಂದಿತ್ತು; ಆ ಸಮಯಕ್ಕೆ ಸರಿಯಾಗಿ ಬಾಡಿಗೆಯವರು ಬಿಟ್ಟು ಹೋಗಿದ್ದರು. ಶಿವಾಜಿನಗರದಿಂದ ಒಂದೇ ಬಸ್ಸಿನ ದೂರ, ಆದರೆ ಅಲ್ಲಿ ನಮ್ಮನ್ನು ಹುಡುಕಿಕೊಂಡು ಬರುವವರು ಯಾರೂ ಇರಲಿಲ್ಲ.

ಮೊದಲ ದಿನಗಳು ಕಷ್ಟವಾಗಿದ್ದವು. ವಿಶ್ರಾಂತಿ ಎಂದರೆ ಖುಷಿ ಎಂದುಕೊಂಡಿದ್ದೆ. ಇವರು ಬೆಳಿಗ್ಗೆ ಎದ್ದು, ಶೇವ್ ಮಾಡಿ, ಇಸ್ತ್ರಿ ಶರಟು ಹಾಕಿಕೊಂಡು, ಗೇಟಿಗೆ ಎದುರಾಗಿ ಕುರ್ಚಿ ಹಾಕಿ ಕೂತುಬಿಡುತ್ತಿದ್ದರು. ನಾನು ತಿಂಡಿಗೆ ಕರೆದರೆ ಬರುತ್ತಿದ್ದರು, ಮತ್ತೆ ಹೋಗಿ ಅಲ್ಲೇ ಕೂರುತ್ತಿದ್ದರು.

"ಯಾರೂ ಬರ್ತಾ ಇಲ್ವಲ್ಲ" ಎಂದರು ಒಂದು ದಿನ.

"ಬರಬಾರದು ಅಂತಾನೇ ಅಲ್ವೇನ್ರೀ ಬಂದಿರೋದು?"

ನನ್ನ ಮುಖ ನೋಡದೆ ಹೇಳಿದರು: "ಬೇರೆಯವರಿಗೋಸ್ಕರ ಪ್ರಾರ್ಥನೆ ಮಾಡಿ ಮಾಡಿ, ನನಗೋಸ್ಕರ ಹೇಗೆ ಮಾಡೋದು ಅಂತಾನೇ ಗೊತ್ತಾಗ್ತಿಲ್ಲ ಕಣೆ. ಕಣ್ಣು ಮುಚ್ಚಿದ್ರೆ ಯಾರದ್ದೋ ಆಸ್ಪತ್ರೆ ವಾರ್ಡ್ ಕಾಣತ್ತೆ. ಅಲ್ಲಿ ನಾನೇ ಇಲ್ಲ."

ಇಷ್ಟು ವರ್ಷ ಜೊತೆಗಿದ್ದೂ ಅವರ ಬಾಯಲ್ಲಿ ಇಂಥ ಮಾತು ಕೇಳಿರಲಿಲ್ಲ. ನಾನು ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಕೊಂಡು ಕೂತೆ.

ಆ ಕೂರುವಿಕೆಯಿಂದ ಅವರನ್ನು ಎಬ್ಬಿಸಿದವರು ಪಕ್ಕದ ಮನೆಯ ಅವ್ವ. ಅಪ್ಪನ ಜೊತೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರೊಬ್ಬರ ತಾಯಿ. ಬೌದ್ಧ ಮನೆತನ, ನಡುಮನೆಯಲ್ಲಿ ಬಿಳಿ ಕಲ್ಲಿನ ಬುದ್ಧ, ಅದರ ಮುಂದೆ ದಿನಾ ಎರಡು ಹೂವು. ಅವ್ವ ಆ ಊರಿನವರೇ, ಕೆರೆ ಏರಿಯ ಮೇಲೆ ದನ ಹೊಡೆದುಕೊಂಡು ಓಡಾಡಿದವರು. ಕಾಂಪೌಂಡ್ ಗೋಡೆಯ ಮೇಲೆ ಗಲ್ಲವಿಟ್ಟು ಇವರನ್ನು ಎರಡು ದಿನ ನೋಡಿದರು. ಮೂರನೆಯ ದಿನ ಕೂಗಿದರು.

"ಏನ್ ಅಳೀಮಯ್ಯಾ, ಫೋಟೋ ತೆಗೆಸ್ಕೊಳ್ಳೋ ಹಂಗೆ ಕೂತಿದ್ಯಲ್ಲ! ಬಾ ಇಲ್ಲಿ, ನುಗ್ಗೆಕಾಯಿ ಕಿತ್ಕೊಡು. ನನ್ ಮಗನಿಗೆ ಮಂಡಿ ನೋವು."

ನನ್ನ ಗಂಡ ಹಿಂದೆ ಮುಂದೆ ನೋಡಿದರು. ಅವರನ್ನು ಏಕವಚನದಲ್ಲಿ ಕರೆದವರು ಅವರ ಅಮ್ಮ ತೀರಿಕೊಂಡ ಮೇಲೆ ಯಾರೂ ಇರಲಿಲ್ಲ. ಎದ್ದರು, ಇಸ್ತ್ರಿ ಶರಟಿನ ತೋಳು ಮಡಿಚಿದರು, ಕೊಕ್ಕೆ ಕಟ್ಟಿದ ಬಿದಿರು ಕೋಲು ಹಿಡಿದು ಮರದ ಕೆಳಗೆ ನಿಂತರು. ಮೊದಲ ಕಾಯಿ ಅವರ ತಲೆ ಮೇಲೆಯೇ ಬಿತ್ತು. ಅವ್ವ ಕೆಮ್ಮು ಬರುವ ತನಕ ನಕ್ಕರು.

ಅವತ್ತಿನಿಂದ ಅವರು ಆ ಬೀದಿಗೇ ಅಳೀಮಯ್ಯ. ಚರ್ಚಿನಲ್ಲಿ ಇವರಿಗೇನು ಕೆಲಸ ಎಂದು ಅವ್ವನಿಗೆ ಗೊತ್ತಿತ್ತು, ಆದರೆ ಅದರಿಂದ ಅವರಿಗೇನೂ ಆಗಬೇಕಾಗಿರಲಿಲ್ಲ. ಗ್ಯಾಸ್ ಸಿಲಿಂಡರ್ ಎತ್ತಿಡಲು, ಔಷಧಿ ತರಲು, ಬಿಸಿಲಿಗೆ ಮಂಚ ಹೊರಗೆ ಹಾಕಲು ಅಳೀಮಯ್ಯ ಬೇಕು. ಬದಲಿಗೆ ಉಪ್ಸಾರು ಬರುತ್ತಿತ್ತು, ಜೊತೆಗೆ ಮುದ್ದೆ. ಸಂಜೆ ಅವ್ವನ ಮಗನೂ ಇವರೂ ಕೆರೆಯ ಕಡೆ ನಡೆದು ಹೋಗಿ, ವಾಪಸು ಬರುವಾಗ ಅಂಗಡಿಯಲ್ಲಿ ಒಂದೇ ಟೀಯನ್ನು ಬೈಟು ಮಾಡಿ ಕುಡಿದು ಬರುತ್ತಿದ್ದರು. ಏನು ಮಾತಾಡಿದಿರಿ ಎಂದರೆ, "ಏನೂ ಇಲ್ಲ" ಎನ್ನುತ್ತಿದ್ದರು. ಅವರ ಮುಖ ನೋಡಿದರೆ ಆ ಏನೂ ಇಲ್ಲದ್ದು ಎಷ್ಟು ರುಚಿಯಾಗಿತ್ತೆಂದು ಗೊತ್ತಾಗುತ್ತಿತ್ತು.

ಭಾನುವಾರ ವಿಮಾನಪುರದ ಒಂದು ಸಣ್ಣ ಚರ್ಚಿಗೆ ಹೋಗುತ್ತಿದ್ದೆವು, ಕೊನೆಯ ಬೆಂಚಿಗೆ. ಸಭಾಪಾಲಕರ ಹೆಂಡತಿ ಚರ್ಚಿನಲ್ಲಿ ಯಾವಾಗಲೂ ಒಂಟಿ. ಗಂಡ ಎದುರಿಗೆ, ಇಡೀ ಸಭೆಗೆ ಸೇರಿದವರಾಗಿ ನಿಂತಿರುತ್ತಾರೆ. ಮದುವೆಯಾದ ಮೇಲೆ ಆರಾಧನೆಯಲ್ಲಿ ಅವರು ನನ್ನ ಪಕ್ಕ ಕೂತದ್ದು ಅಲ್ಲಿಯೇ. ಒಂದೇ ಕೀರ್ತನೆ ಪುಸ್ತಕವನ್ನು ಇಬ್ಬರೂ ಹಿಡಿದುಕೊಂಡೆವು. ಅವರಿಗೆ ಕೈ ಎಲ್ಲಿಡಬೇಕೆಂದು ತಿಳಿಯುತ್ತಿರಲಿಲ್ಲ. ಆಶೀರ್ವಾದದ ಹೊತ್ತಿಗೆ ಅಭ್ಯಾಸಬಲದಿಂದ ಬಲಗೈ ಮೇಲೇಳುತ್ತಿತ್ತು, ನಾನು ಮೆಲ್ಲಗೆ ಹಿಡಿದು ಇಳಿಸುತ್ತಿದ್ದೆ. ಒಂದು ಭಾನುವಾರ ಅಲ್ಲಿನ ಪಾದ್ರಿ ಪ್ರಸಂಗ ಹೇಳುತ್ತಿರುವ ನಡುವೆ ನನ್ನ ಭುಜಕ್ಕೆ ಒರಗಿ ನಿದ್ದೆ ಹೋದರು. ಮುಂದಿನ ಬೆಂಚಿನ ಹೆಂಗಸು ತಿರುಗಿ ನೋಡಿ ಮುಖ ಗಂಟಿಕ್ಕಿದಳು. ನಾನು ಎಬ್ಬಿಸಲಿಲ್ಲ. ಭುಜದ ಮೇಲಿನ ಆ ಭಾರ ಈಗಲೂ ನನಗೆ ನೆನಪಿದೆ, ಅಷ್ಟು ಹಾಯಾಗಿತ್ತು.

ಮೂರನೆಯ ತಿಂಗಳಲ್ಲಿ ಅವ್ವ ಹೋದರು. ಕಾಯಿಲೆ ಏನೂ ಇರಲಿಲ್ಲ. ಬೆಳಿಗ್ಗೆ ಹೊರಗಿನ ಮಂಚದ ಮೇಲೆ ಬಿಸಿಲು ಕಾಯುತ್ತಾ ಮಲಗಿದವರು ಏಳಲಿಲ್ಲ. ಮಗ ಗೋಡೆಯ ಬಳಿ ಬಂದು, "ಭಾವ, ಅವ್ವ ಹೋಗ್ಬಿಟ್ರು" ಎಂದು ನಿಂತರು. ನನ್ನ ಗಂಡ ಲುಂಗಿಯಲ್ಲೇ ಓಡಿದರು.

ಅವರಿಗೆ ಸಾವಿನ ಮನೆ ಹೊಸದಲ್ಲ. ಆದರೆ ಈ ಮನೆಯಲ್ಲಿ ಅವರು ಹೇಳಬೇಕಾದ ಮಾತು ಯಾವುದೂ ಇರಲಿಲ್ಲ. ವಿಹಾರದಿಂದ ಭಿಕ್ಷು ಬಂದು ಮಂತ್ರ ಹೇಳಿದರು. ಇವರು ನೀರು ತಂದರು, ಚಾಪೆ ಹಾಸಿದರು, ಬಂದವರಿಗೆ ಕುರ್ಚಿ ಕೊಟ್ಟರು, ಹೊರುವ ಹೊತ್ತಿಗೆ ಹೆಗಲು ಕೊಟ್ಟರು. ಮಣ್ಣು ಮಾಡುವ ಜಾಗದಲ್ಲಿ ಎಲ್ಲರ ಹಿಂದೆ ನಿಂತಿದ್ದರು. ಒಂದು ಹಿಡಿ ಮಣ್ಣು ಹಾಕಲು ಬಗ್ಗಿದವರು ಹಾಗೆಯೇ ಕುಸಿದು ಕೂತರು. ಅಲ್ಲಿಂದ ಬಂದ ಅಳುವನ್ನು ನಾನು ಹೇಗೆ ಹೇಳಲಿ? ಮಕ್ಕಳು ಅಳುವ ಹಾಗೆ, ಬಾಯಿ ಬಿಟ್ಟು, ಉಸಿರು ಸಿಕ್ಕದೆ. ಅವ್ವನ ಮಗ ತಾಯಿಯ ಗುಂಡಿ ಬಿಟ್ಟು ಬಂದು ಇವರ ಬೆನ್ನ ಮೇಲೆ ಕೈಯಿಟ್ಟರು.

"ಅತ್ತುಬಿಡಿ ಭಾವ. ಅತ್ತುಬಿಡಿ."

ನಡುವೆ ಇವರ ಬಾಯಿಂದ ಕಾಯಿರಿನ ಗೆಳೆಯನ ಹೆಸರು ಬಂತು. ಆಮೇಲೆ ಇನ್ನೊಂದು ಹೆಸರು, ಮತ್ತೊಂದು. ಅಲ್ಲಿದ್ದವರಿಗೆ ಅವರು ಯಾರೆಂದು ತಿಳಿಯಲಿಲ್ಲ; ನನಗೆ ತಿಳಿಯಿತು. ಅವರೆಲ್ಲರನ್ನೂ ಇವರು ಒಬ್ಬರೇ ನಿಂತು ಕಳಿಸಿಕೊಟ್ಟಿದ್ದರು.

ಮನೆಗೆ ಬಂದು ಸ್ನಾನ ಮಾಡಿ, ಹಿತ್ತಲ ಮೆಟ್ಟಿಲ ಮೇಲೆ ಕೂತು ಹೇಳಿದರು: "ಆಗ ಅಳೋಕೆ ಪುರುಸೊತ್ತೇ ಇರಲಿಲ್ಲ ಕಣೆ. ನಾನು ಅತ್ರೆ ಅವರಿಗೆ ಸಮಾಧಾನ ಹೇಳೋರು ಯಾರು ಅಂತ ತಡ್ಕೊಂಡೆ. ಆಮೇಲೆ ಅದು ಎಲ್ಲಿ ಹೋಯ್ತೋ ಸಿಗಲೇ ಇಲ್ಲ." ಟವೆಲಿನಿಂದ ತಲೆ ಒರೆಸಿಕೊಳ್ಳುತ್ತಾ, "ಇವತ್ತು ಪ್ರಾರ್ಥನೆ ಮಾಡಿದೆ. ಮಾತೇನೂ ಇರಲಿಲ್ಲ" ಎಂದರು.

ರಜೆ ಮುಗಿಸಿ ಶಿವಾಜಿನಗರಕ್ಕೆ ಬಂದ ದಿನ ಗೇಟಿನ ಹತ್ತಿರವೇ ಕಾರ್ಯದರ್ಶಿ ಕಾದಿದ್ದರು. ಮೂರು ತಿಂಗಳಲ್ಲಿ ಇಳಿದುಹೋಗಿದ್ದರು. ಸಭೆಯ ಫೋನನ್ನು ಇವರ ಕೈಯಲ್ಲಿಟ್ಟು, "ಅಯ್ಯನವ್ರೇ, ಇದು ಊಟ ಮಾಡೋಕೂ ಬಿಡಲ್ವಲ್ರೀ" ಎಂದರು. ಅಜ್ಜಿ ಹಿಂದಿನಿಂದ, "ಸಾರ್ ಈಗ ಆಸ್ಪತ್ರೆಗೆ ಹೋದ್ರೆ ನರ್ಸಮ್ಮಂದಿರು 'ಅಯ್ಯನವ್ರು ಬಂದ್ರು' ಅಂತ ಎದ್ದು ನಿಲ್ತಾರೆ" ಎಂದು ಕೀಟಲೆ ಮಾಡಿದರು. ಇನ್ನು ಮೇಲೆ ಪ್ರತಿ ಸೋಮವಾರ ಅಯ್ಯನವರ ಮನೆಗೆ ಯಾರೂ ಹೋಗಕೂಡದು, ತೀರಾ ಅವಸರವಿದ್ದರೆ ತಮಗೆ ಫೋನ್ ಮಾಡಬೇಕು ಎಂದು ಆ ಭಾನುವಾರವೇ ಆರಾಧನೆಯ ಕೊನೆಗೆ ಎದ್ದು ನಿಂತು ಹೇಳಿದವರು ಕಾರ್ಯದರ್ಶಿಯೇ.

ಎಲ್ಲವೂ ಸರಿಹೋಯಿತು ಎಂದಲ್ಲ. ಇವರಿಗೆ ಈಗಲೂ ದಣಿವಾಗುತ್ತದೆ, ಕೆಲವು ವಾರ ಪ್ರಸಂಗ ಸೊರಗಿರುತ್ತದೆ. ಆದರೆ ಸಾವಿನ ಮನೆಯಲ್ಲಿ ಕಣ್ಣು ತುಂಬಿದರೆ ಈಗ ಮುಚ್ಚಿಡುವುದಿಲ್ಲ. ಒರೆಸಿಕೊಂಡು ಮುಂದಿನ ಸಾಲು ಓದುತ್ತಾರೆ. ಸಭೆಯವರೂ ಅಲ್ಲಿಯ ತನಕ ಕಾಯುತ್ತಾರೆ.

ಎರಡು ವರ್ಷದ ಹಿಂದೆ ನಮಗೆ ಕೆ.ಆರ್. ಪುರದ ಕಡೆಯ ಸಭೆಗೆ ವರ್ಗವಾಯಿತು. ಕಗ್ಗದಾಸಪುರದ ಮನೆಯಲ್ಲಿ ಈಗ ದಾವಣಗೆರೆಯ ಗಂಡ ಹೆಂಡತಿ ಬಾಡಿಗೆಗೆ ಇದ್ದಾರೆ, ಇಬ್ಬರೂ ಆಫೀಸಿಗೆ ಹೋಗುವವರು. ಮೊನ್ನೆ ನಲ್ಲಿ ರಿಪೇರಿ ನೋಡಲು ಹೋಗಿದ್ದೆ. ಆ ಹುಡುಗಿ ಟೀ ಮಾಡಿಕೊಟ್ಟು, "ಮನಿ ಭಾಳ ತಂಪೈತ್ರೀ ಆಂಟಿ, ರವಿವಾರ ಇಬ್ರೂ ಮಧ್ಯಾಹ್ನದ ತನಾ ಮಲ್ಕೊಂಡ್ಬಿಡ್ತೀವಿ" ಎಂದು ನಾಚಿಕೊಂಡಳು. "ಮಲ್ಕೊಳ್ಳಮ್ಮ, ಮಲ್ಕೊಳ್ಳಿ" ಎಂದೆ. ಟೀ ಮುಗಿಸಿ, ಅವಳ ಜೊತೆ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಕೂತು, ಬಿಸಿಲು ಇಳಿದ ಮೇಲೆ ಬಸ್ ಹತ್ತಿದೆ.