ಎರಡನೆಯ ಸಹಿ

ಮೊನ್ನೆ ನಾನೇ ಬರೆದ ಪುಸ್ತಕದ ಒಂದು ಪ್ರತಿ ಬೇವಿನ ಎಲೆಯ ವಾಸನೆ ಹೊತ್ತು ನನ್ನ ಮನೆಗೆ ಬಂತು. ನನ್ನ ಕಪಾಟಿನಲ್ಲಿರುವ ಪ್ರತಿಗಳಿಗೆ ಧೂಳಿನ ವಾಸನೆ ಮಾತ್ರ. ಅವನ್ನು ಯಾರೂ ತೆರೆಯುವುದಿಲ್ಲ, ನಾನೂ ಸೇರಿ. ಇದನ್ನು ಮಾತ್ರ ಯಾರೋ ಹುಳ ಹಿಡಿಯದಂತೆ ಪುಟಗಳ ನಡುವೆ ಒಣಬೇವು ಇಟ್ಟು, ಕೆಂಪು ಬಟ್ಟೆಯಲ್ಲಿ ಕಟ್ಟಿ ಕಾಪಾಡಿದ್ದರು. ಅಂಥವರು ನನಗೆ ಗೊತ್ತಿರುವುದು ಒಬ್ಬರೇ, ಮಣ್ಣೂರಿನ ದಸ್ತಗೀರಸಾಬರು.

ನಾನು ಇತಿಹಾಸದ ಮಾಸ್ತರ. ಕಡಗಂಚಿಯಲ್ಲಿ ಪಾಠ ಹೇಳಿ ಈಗ ನಿವೃತ್ತ. ಸಾಮ್ರಾಜ್ಯಗಳು ಹೇಗೆ ಬರುತ್ತವೆ, ಹೋದಮೇಲೂ ಹೇಗೆ ಹೋಗುವುದಿಲ್ಲ ಎಂಬುದು ನನ್ನ ವಿಷಯ. ಇದರ ಬಗ್ಗೆ ನಾನು ಬಾಯಿ ತೆರೆದರೆ ನನ್ನ ಹೆಂಡತಿ ಒಲೆಯ ಮೇಲೆ ಏನೋ ಇಟ್ಟದ್ದು ನೆನಪಾಗಿ ಒಳಗೆ ಹೋಗುತ್ತಾಳೆ. ಅದಿರಲಿ. ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳೆಯ ಸರಕಾರಿ ಕಾಗದಗಳು ಬಹಳಷ್ಟು ನಿಜಾಮನ ಕಾಲದ ಉರ್ದುವಿನಲ್ಲಿವೆ. ನಮ್ಮಪ್ಪ ಉರ್ದುವಿನಲ್ಲೇ ಶಾಲೆ ಕಲಿತವರು, ಸಂತೆಯ ಚೀಟಿಯನ್ನೂ ಅದರಲ್ಲೇ ಬರೆಯುತ್ತಿದ್ದರು. ನಾನೋ, ಇಂಗ್ಲಿಷರನ್ನು ಇಂಗ್ಲಿಷಿನಲ್ಲೇ ಬೈಯಲು ಕಲಿತವನು. ಉರ್ದುವಿನ ಒಂದಕ್ಷರವೂ ಬಾರದು.

ಹಾಗಾಗಿ ದಸ್ತಗೀರಸಾಬರನ್ನು ಹುಡುಕಿಕೊಂಡು ಹೋದೆ. ಹಳೆಯ ದಾಖಲೆಗಳ ಕೋಣೆಯಲ್ಲಿ ಇಡೀ ನೌಕರಿ ಮುಗಿಸಿ ಭೀಮೆಯ ದಂಡೆಯಲ್ಲಿ ಹಾಯಾಗಿದ್ದ ಮನುಷ್ಯ. ಎರಡು ವರ್ಷ, ಪ್ರತಿ ಭಾನುವಾರ ಅವರ ಪಡಸಾಲೆಯಲ್ಲಿ ಕೂತೆ. ನಾನು ಒಯ್ದ ನಕಲುಗಳನ್ನು ಅವರು ಉರ್ದುವಿನಲ್ಲಿ ಗಟ್ಟಿಯಾಗಿ ಓದುವರು, ಕನ್ನಡದಲ್ಲಿ ಬಿಡಿಸಿ ಹೇಳುವರು, ನಾನು ಇಂಗ್ಲಿಷಿನಲ್ಲಿ ಬರೆದುಕೊಳ್ಳುವೆ. ಕಿಣ್ಣಿ ಸುಲ್ತಾನ ಎಂಬ ಹಳ್ಳಿಯ ಒಂದು ಬಾವಿಯ ತಕರಾರು ಮೂರು ಭಾನುವಾರ ನಡೆಯಿತು. ಅರ್ಜಿದಾರರಲ್ಲಿ ಯಾರು ಸುಳ್ಳು ಹೇಳುತ್ತಿದ್ದಾರೆಂದು ಅವರು ಮೊದಲ ಹಾಳೆಯಲ್ಲೇ ಹಿಡಿದುಬಿಟ್ಟಿದ್ದರು. ಪುಸ್ತಕ ಬಂದಾಗ ವಿಮರ್ಶಕರು ಅದನ್ನು ಲೇಖಕರ ಆಳವಾದ ಒಳನೋಟ ಎಂದು ಹೊಗಳಿದರು. ನಾನು ತಿದ್ದಲು ಹೋಗಲಿಲ್ಲ.

ತಿದ್ದುವುದು ಎಂದೊಡನೆ ಒಂದು ಮಾತು ನೆನಪಾಯಿತು. ಒಮ್ಮೆ ನಾನು ತಪ್ಪಾಗಿ ಬರೆದುಕೊಂಡ ಸಾಲನ್ನು ಅಳಿಸಲು ರಬ್ಬರ್ ತೆಗೆದೆ. ಅವರು ಕೈ ಹಿಡಿದರು.

“ಅಳಸಬ್ಯಾಡ್ರಿ ಸರ್. ಅಳಿಸಿದ್ರ ಕಾಗದ ಸುಳ್ಳ ಹೇಳತದ. ತಪ್ಪಿನ ಮ್ಯಾಲ ಒಂದು ಕೆಂಪು ಗೆರಿ ಎಳೀರಿ, ಬಾಜೂಕ ಖರೇದು ಬರೀರಿ. ತಿದ್ದಿದವರದೊಂದು ಸಹಿ, ತಪ್ಪು ಮಾಡಿದವರದೊಂದು ಸಹಿ. ಎರಡೂ ಆದ್ರನ ಅದು ತಿದ್ದುಪಡಿ. ನಾನು ಜಿಂದಗಿ ಪೂರ್ತಿ ಹಿಂಗೇ ಮಾಡೇನಿ.”

“ತಪ್ಪು ಮಾಡಿದವರು ಸಹಿ ಹಾಕ್ತಾರೇನ್ರಿ?” ಎಂದು ನಕ್ಕೆ.

“ಜಾಗಾ ಬಿಟ್ಟು ಕಾಯಬೇಕ್ರಿ” ಎಂದರು.

ಪುಸ್ತಕದ ಮೂರನೆಯ ಅಧ್ಯಾಯ ನನಗೆ ಹೆಸರು ತಂದದ್ದು. ಬಿಳಿಯ ಅಧಿಕಾರಿಗಳು ಇಲ್ಲಿನ ಮುನ್ಶಿಗಳ ಕೈಯಲ್ಲಿ ಕಾಗದ ಓದಿಸಿ, ಅವರ ಹೆಸರನ್ನು ನುಂಗಿ, ತಾವೇ ಪಂಡಿತರೆನಿಸಿಕೊಂಡರು ಎಂದು ನಲವತ್ತು ಪುಟ ಸಿಟ್ಟಿನಿಂದ ಬರೆದಿದ್ದೆ. ಮೊದಲ ಪ್ರತಿಯ ಮೇಲೆ ದೊಡ್ಡದಾಗಿ ಸಹಿ ಹಾಕಿ ಮಣ್ಣೂರಿಗೆ ಒಯ್ದೆ. ದಸ್ತಗೀರಸಾಬರು ಕೈ ತೊಳೆದು ಬಂದು ಎರಡೂ ಕೈಯಲ್ಲಿ ತೆಗೆದುಕೊಂಡರು. ಅವರಿಗೆ ಇಂಗ್ಲಿಷ್ ಬಾರದು.

“ನನ್ನ ಹೆಸರು ಎಲ್ಲದ, ತೋರಸ್ರಿ ಸರ್.”

ಕೃತಜ್ಞತೆಯ ಪುಟ ತೆರೆದೆ. ಪರದೇಶದ ಗ್ರಂಥಾಲಯಗಳಿದ್ದವು, ನನ್ನ ಬೆನ್ನು ತಟ್ಟಿದ ದೊಡ್ಡವರಿದ್ದರು, ಬೆರಳಚ್ಚು ಮಾಡಿದವರೂ ಇದ್ದರು. ದಸ್ತಗೀರಸಾಬರು ಮಾತ್ರ ಇರಲಿಲ್ಲ. ಬೇಕೆಂದು ಬಿಟ್ಟದ್ದಲ್ಲ, ನೆನಪೇ ಆಗಿರಲಿಲ್ಲ. ಯಾವುದು ಹೆಚ್ಚು ಕೆಟ್ಟದ್ದು, ನೀವೇ ಹೇಳಿ. ನಾನು ಒಂದು ಸಾಲಿನ ಮೇಲೆ ಬೆರಳಿಟ್ಟು, “ಇಲ್ಲೇ ಅದ ನೋಡ್ರಿ” ಎಂದುಬಿಟ್ಟೆ. ಅದು ಯಾವುದೋ ಗ್ರಂಥಾಲಯದ ಹೆಸರು. ಅವರು ಆ ಸಾಲನ್ನು ಬಹಳ ಹೊತ್ತು ನೋಡಿದರು. ಊಟಕ್ಕೆ ರೊಟ್ಟಿ, ಶೇಂಗಾ ಚಟ್ನಿಪುಡಿ ಹಾಕಿಸಿದರು. ಎರಡು ಸಲ ನೀಡಿಸಿಕೊಂಡು ತಿಂದೆ.

ಆಮೇಲೂ ಎಷ್ಟೋ ಸಲ ಹೋದೆ. ಅವರು ಪುಸ್ತಕದ ಸುದ್ದಿ ಎತ್ತಲಿಲ್ಲ, ಬಚಾವಾದೆ ಎಂದುಕೊಂಡೆ.

ಮೊನ್ನೆ ಬಟ್ಟೆಯ ಗಂಟು ತಂದವರು ಅವರ ಮಗಳು ಶಹನಾಜ್. ಅಫಜಲಪುರದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಾರೆ. ಇದು ನನಗೆ ಅಂದೂ ಗೊತ್ತಿತ್ತು. ಆದರೂ ಆ ಸಾಲಿನ ಮೇಲೆ ಬೆರಳಿಟ್ಟಿದ್ದೆ.

“ಅವತ್ತ ಸಂಜೀಕೇ ನಾನು ಅಬ್ಬಾಗ ಓದಿ ಹೇಳಿದ್ನಿರಿ ಸರ್” ಎಂದರು. ಅದೇ ಪುಟ ತೆರೆದರು. ನಾನು ತೋರಿಸಿದ ಸಾಲಿನ ಮೇಲೆ ಒಂದು ಕೆಂಪು ಗೆರೆ. ಅಂಚಿನಲ್ಲಿ ದಸ್ತಗೀರಸಾಬರು, ಉರ್ದು ಬಾರದ ನನ್ನ ಮೇಲೆ ಕನಿಕರವಿಟ್ಟು, ಕನ್ನಡದಲ್ಲೇ ಬರೆದಿದ್ದರು: ‘ಇಲ್ಲಿ ದಸ್ತಗೀರಸಾಬ, ಮಣ್ಣೂರ, ಕಾಗದ ಓದಿದವನು ಎಂದಿರಬೇಕು.’ ಕೆಳಗೆ ಅವರ ಸಹಿ. ಅದರ ಪಕ್ಕ ಇನ್ನೊಂದು ಸಹಿಗಾಗುವಷ್ಟು ಖಾಲಿ ಜಾಗ. ಶಾಯಿ ಮಾಸಿ ಕಂದಾಗಿತ್ತು.

“ಇಷ್ಟು ವರ್ಷ ಯಾಕ ಹೇಳಲಿಲ್ಲ ಬೇಟಿ?”

“ನೀವಾಗೇ ಬರ್ತೀರಿ ಅಂತ ಕಾದ್ರು. ಈಗ ಹಾಸಗಿ ಹಿಡದಾರ್ರಿ. ಚಾರ್ಜ್ ಕೊಟ್ಟು ಹೋಗೋ ಹೊತ್ತು ಬಂತು, ಅರ್ಧಾ ಆದ ಕಾಗದ ಬಿಟ್ಟು ಹೋಗಬಾರದು ಅಂತಾರ.”

ನಾಚಿಕೆಯಾಯಿತು. ಬರವಣಿಗೆಯಲ್ಲಿ ಬರುವ ನಾಚಿಕೆಯಲ್ಲ. ಕಿವಿ ಬಿಸಿಯಾಗುವ ನಾಚಿಕೆ. ಪೆನ್ನು ತೆಗೆದು ಅವರ ಸಹಿಯ ಪಕ್ಕ ನನ್ನದು ಹಾಕಿದೆ. ನನ್ನ ಹೆಸರನ್ನು ಅಷ್ಟು ಸಣ್ಣದಾಗಿ ನಾನು ಎಂದೂ ಬರೆದಿರಲಿಲ್ಲ.

ಶಹನಾಜ್ ಪುಸ್ತಕಕ್ಕೆ ಕೈ ಚಾಚಿದರು. ನಾನು ಬೇವಿನ ಎಲೆಗಳನ್ನು ಇದ್ದಲ್ಲೇ ಇಟ್ಟು ಬಟ್ಟೆ ಕಟ್ಟಿ, ಕಂಕುಳಲ್ಲಿ ಹಿಡಿದು ಚಪ್ಪಲಿ ಮೆಟ್ಟಿದೆ.

“ಬ್ಯಾಡ ಬೇಟಿ, ನಾನೂ ನಿನ್ನ ಕೂಡ ಬರ್ತೇನಿ. ಅವರ ಹೆಸರು ಎಲ್ಲದ ಅಂತ ನಾನೇ ತೋರಸಬೇಕು.”