ಮೋಡ ಅಳಿಸಿದ ರಾಣಿ

ಕಬಿನಿ ಹಿನ್ನೀರಿನ ಬದಿಯ ರೆಸಾರ್ಟೊಂದು ತನ್ನ ಜಾಹೀರಾತಿಗೆ ಯಾವುದೋ ದೂರದ ಸಮುದ್ರದ ಸೂರ್ಯಾಸ್ತವನ್ನು ತಂದು ಅಂಟಿಸಿಕೊಂಡಿತ್ತು. ಪಕ್ಕದ ಬೀಚನಹಳ್ಳಿಯ ಸೂರ್ಯನಿಗೆ ಏನು ರೋಗ ಬಂದಿತ್ತು? ಅವನು ದಿನಾ ಸಂಜೆ ಅಲ್ಲೇ, ಅದೇ ನೀರಿನಲ್ಲಿ, ಬಿಟ್ಟಿಯಾಗಿ ಮುಳುಗುತ್ತಾನೆ. ಹುಣಸೂರು ದಾರಿಯ ಫ್ಲೆಕ್ಸೊಂದರಲ್ಲಿ ಮುಖಂಡರ ತಲೆಯ ಹಿಂದೆ ಹಿಮಾಲಯದ ನೀಲಿ ಆಕಾಶ. ಫ್ಲೆಕ್ಸಿನ ಕೆಳಗೆ ಮೊಣಕಾಲುದ್ದದ ಗುಂಡಿ. ರಸ್ತೆ ಬದಲಾಯಿಸುವುದು ಕಷ್ಟ, ಆಕಾಶ ಬದಲಾಯಿಸುವುದು ಸುಲಭ. ಈ ಆಕಾಶಗಳನ್ನು ಮಾಡುವವರನ್ನು ಒಮ್ಮೆ ಮುಖಾಮುಖಿ ಕೇಳಿಯೇ ಬಿಡೋಣ ಎಂದು ಸಿಟ್ಟಿನಲ್ಲೇ ಕಂಪಲಾಪುರದ ಸ್ಟುಡಿಯೊ ಒಂದರ ಮೆಟ್ಟಿಲು ಹತ್ತಿದೆ. ಕಂಪ್ಯೂಟರ್ ಮುಂದೆ ಕೂತಿದ್ದವಳು ರಾಣಿ.

ನಾನು ಬಾಯಿ ತೆರೆಯುವ ಮೊದಲೇ ಅವಳು, "ಕೂತ್ಕಳಿ ಸಾರ್, ಒಂದ್ ತೆಂಗಿನ್ ಮರ ಆಗೋಗ್ಲಿ" ಎಂದಳು.

ಆ ತೆಂಗಿನ ಮರಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಫೋಟೋದ ಮಂಕು ಆಕಾಶ ಕಿತ್ತು ಬೇರೆಯದನ್ನು ಕೂರಿಸುವುದು ಈಗ ಒಂದು ಗುಂಡಿ ಒತ್ತುವಷ್ಟೇ ಕೆಲಸ. ಆದರೆ ಗುಂಡಿಗೆ ತೆಂಗಿನ ಗರಿ ಅರ್ಥವಾಗುವುದಿಲ್ಲ. ಗರಿಗಳ ನಡುವೆ ಹಳೆಯ ಆಕಾಶದ ಬಿಳಿ ಚೂರು ಉಳಿದುಬಿಡುತ್ತದೆ, ಅನ್ನದಲ್ಲಿ ಕಲ್ಲು ಉಳಿದ ಹಾಗೆ. ರಾಣಿ ಅದನ್ನು ಒಂದೊಂದಾಗಿ ಆರಿಸುತ್ತಾಳೆ. ಮದುಮಗಳ ಮುಂಗುರುಳು, ಚಪ್ಪರದ ಮಾವಿನೆಲೆ, ಗಂಡಿನ ಪೇಟದ ತುರಾಯಿ, ಎಲ್ಲದರ ಸುತ್ತಲೂ ಅವಳ ಕೈ ಹೋಗಿಬರಬೇಕು.

ರಾಣಿಗೆ ಮೂವತ್ತೊಂದು ವರ್ಷ. ಅಪ್ಪ ಅಂಕಯ್ಯ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನುಗಳಲ್ಲಿ ಬೆಂಕಿ ನೋಡುವ ಕೂಲಿ. ಪಿಯುಸಿ ಮುಗಿಸಿ ಈ ಅಂಗಡಿಗೆ ಬಂದದ್ದು ಕಸ ಗುಡಿಸುವುದಕ್ಕೆ ಮತ್ತು ಪಾಸ್‌ಪೋರ್ಟ್ ಫೋಟೋ ಕತ್ತರಿಸುವುದಕ್ಕೆ. ಯಾರೂ ಕೂರಿಸಿಕೊಂಡು ಕಲಿಸಲಿಲ್ಲ. ಮಾಲೀಕ ಸೋಮಶೇಖರ್ ಊಟಕ್ಕೆ ಎದ್ದುಹೋದಾಗಲೆಲ್ಲ ಅವನ ಕುರ್ಚಿಯಲ್ಲಿ ಕೂತು, ಕೆಡಿಸಿ, ಸರಿಮಾಡಿ, ಮತ್ತೆ ಕೆಡಿಸಿ ಕಲಿತಳು. ಎರಡು ವರ್ಷದಲ್ಲಿ ಕುರ್ಚಿ ಅವಳದಾಯಿತು. ಸೋಮಶೇಖರ್ ಕ್ಯಾಮೆರಾ ಹಿಡಿದು ಮದುವೆಮನೆ ಸುತ್ತತೊಡಗಿದ.

ಸೋಮಶೇಖರನದು ಒಂದೇ ಸಿದ್ಧಾಂತ. "ಆಕಾಸ ನೀಲಿ ಇರ್ಬೇಕು ಕಣಮ್ಮ. ಮದ್ವೆ ಅಂದ್ಮೇಲೆ ಮೋಡ ಕವ್ಕಂಡ್ರೆ ಯಾರಾದ್ರೂ ಒಪ್ತಾರಾ?" ಎಲ್ಲಿಂದಲೋ ಆಕಾಶಗಳ ಒಂದು ಕಟ್ಟನ್ನೇ ತಂದಿದ್ದ. ಅದರಲ್ಲಿ ಬಾತುಕೋಳಿಯಂಥ ಮೋಡವಿದ್ದ ಒಂದು ಆಕಾಶ ಅವನಿಗೆ ಪ್ರಾಣ. ಅದನ್ನು ಎಷ್ಟು ಮದುವೆಗಳಿಗೆ ಹಾಕಿಸಿದನೋ, ಕೊನೆಗೆ ಹುಣಸೂರಿನಲ್ಲಿ ಇಬ್ಬರು ಷಡ್ಡಕರು ತಮ್ಮ ತಮ್ಮ ಆಲ್ಬಂ ಬಿಚ್ಚಿ ಪಕ್ಕಪಕ್ಕ ಇಟ್ಟುಕೊಂಡು ಕೂತಾಗ ಬಯಲಾಯಿತು.

"ಏನ್ಲಾ, ನಿನ್ ಮದ್ವೆಗೂ ನನ್ ಮದ್ವೆಗೂ ಒಂದೇ ಬಾತುಕೋಳಿ ಬಂದಿತ್ತಾ?"

"ಮಾವ ಅದ್ಕೂ ಲಗ್ನಪತ್ರಿಕೆ ಕೊಟ್ಟಿದ್ರೇನೋ ಬುಡು!"

ತಾಲ್ಲೂಕೆಲ್ಲ ನಕ್ಕಿತು. ರಾಣಿ ನಗಲಿಲ್ಲ. ಅವತ್ತಿನಿಂದ ಅಂಗಡಿಯ ತಾರಸಿ ಹತ್ತಿ ತಾನೇ ಆಕಾಶದ ಫೋಟೋ ತೆಗೆಯತೊಡಗಿದಳು. ಕಂಪಲಾಪುರದ್ದು, ಪಿರಿಯಾಪಟ್ಟಣದ್ದು, ಬಸ್ಸಿನಲ್ಲಿ ಹೋದಾಗ ಕಂಡ ಎಚ್.ಡಿ. ಕೋಟೆಯದ್ದು. ಬದಲಾಯಿಸುವುದೇ ಆದರೆ ಇಲ್ಲಿಯದೇ ಇರಲಿ ಎಂಬುದು ಅವಳು ತನಗೆ ತಾನೇ ಹಾಕಿಕೊಂಡ ಕಟ್ಟುಪಾಡು. ಇಷ್ಟು ಮರ್ಯಾದೆ ನಮ್ಮ ಜಾಹೀರಾತಿನ ಮಹಾಶಯರಿಗೆ ಇದ್ದಿದ್ದರೆ ನಾನು ಮೆಟ್ಟಿಲು ಹತ್ತುತ್ತಲೇ ಇರಲಿಲ್ಲ.

ಆದರೂ ಅವಳು ಒಂದು ತಪ್ಪು ಮಾಡಿದಳು. ಕಳೆದ ವರ್ಷ, ಬೆಟ್ಟದಪುರದ ಪುಟ್ಟಮಲ್ಲಮ್ಮನ ಮೊಮ್ಮಗಳು ಮಾನಸಳ ಮದುವೆಯಲ್ಲಿ.

ಹಸಿ ಅಕ್ಕಿ ತಿಂದವರ ಮದುವೆಗೆ ಮಳೆ ಬರುತ್ತದೆ ಎಂಬ ಮಾತು ನಮ್ಮ ಕಡೆಯ ಮಕ್ಕಳಿಗೆಲ್ಲ ಗೊತ್ತು. ಮಾನಸ ಚಿಕ್ಕಂದಿನಲ್ಲಿ ಅಜ್ಜಿಯ ಮೊರದಿಂದ ಹಿಡಿಹಿಡಿ ಅಕ್ಕಿ ಮುಕ್ಕಿ ಬೆಳೆದವಳು. ಕಳೆದ ವರ್ಷ ಜ್ಯೇಷ್ಠದಲ್ಲಿ ಹೊಗೆಸೊಪ್ಪಿನ ಸಸಿ ನೆಟ್ಟ ಮೇಲೆ ಹದಿನೈದು ದಿನ ಹನಿ ಬೀಳಲಿಲ್ಲ. ಊರಿನವರು ದಿಬ್ಬಣದ ದಿನ ಎಣಿಸುತ್ತಿದ್ದರು. "ನಿನ್ ಮದ್ವೆ ಒಸಿ ಬಿರ್ನೆ ಮಾಡ್ಕಬಾರ್ದಾ ಮಾನ್ಸ" ಎಂದು ಬಾವಿಕಟ್ಟೆಯಲ್ಲಿ ರೇಗಿಸುತ್ತಿದ್ದರು. ಧಾರೆಯ ಹೊತ್ತಿಗೆ ಸರಿಯಾಗಿ, ಪಡುವಣದಿಂದ ಬಂದ ಮೋಡ ಬೆಟ್ಟದ ಮೇಲೆ ಕೂತಿತು. ಆಮೇಲೆ ಸುರಿದ ಮಳೆಗೆ ಚಪ್ಪರ ಸೋರಿತು, ಒಲೆ ಆರಿತು, ಊಟದ ಎಲೆಗಳು ತೇಲಿದವು. ಹೆಣ್ಣಿನ ಕಡೆಯವರು ಮಳೆಯಲ್ಲೇ ಕುಣಿದರು.

ಗಂಡಿನ ಕಡೆಯವರು ಕುಣಿಯಲಿಲ್ಲ. ಅವರು ಕೆ.ಆರ್. ನಗರದ ನಾಲೆ ಬಯಲಿನವರು. ಕಾಲುವೆ ನೀರಿನ ಜನಕ್ಕೆ ಮೋಡದ ಹಂಗಿಲ್ಲ. ಗಂಡಿನ ತಾಯಿ ರುಕ್ಮಿಣಮ್ಮ ರೇಷ್ಮೆ ಸೀರೆಯ ಅಂಚನ್ನು ಮೊಣಕಾಲಿಗೆ ಎತ್ತಿಕೊಂಡು, "ಮದ್ವೆ ಅಂತ ಕರ್ದು ಗದ್ದೆಗೆ ಇಳ್ಸುದ್ರಲ್ಲ" ಎಂದುಬಿಟ್ಟರು. ಆ ಮಾತು ಪುಟ್ಟಮಲ್ಲಮ್ಮನ ಎದೆಗೆ ನಾಟಿತು. ಮೊಮ್ಮಗಳು ಆ ಮನೆಯಲ್ಲಿ ಕೆಸರು ತುಳಿಸಿದ ಹೆಣ್ಣು ಎನಿಸಿಕೊಂಡು ಬಾಳಬೇಕೋ, ಮಳೆ ತಂದ ಹೆಣ್ಣು ಎನಿಸಿಕೊಂಡೋ? ಆಲ್ಬಂ ಬರಲಿ, ಆ ಮೋಡವನ್ನು ಅವರ ಮುಂದೆ ಬಿಚ್ಚಿ ಇಡುತ್ತೇನೆ, ಸಸಿ ಜೀವ ಹಿಡಿದದ್ದು ಯಾರ ಕಾಲ್ಗುಣದಿಂದ ಎಂದು ಹೇಳುತ್ತೇನೆ ಎಂದು ಅಜ್ಜಿ ಕಾದಿದ್ದರು. ಹೊಸ ಮದುಮಗಳು ಆಷಾಢಕ್ಕೆ ತವರಿಗೆ ಬಂದಿದ್ದಳು. ಭೀಮನ ಅಮಾವಾಸ್ಯೆ ಕಳೆದ ಮೂರನೇ ದಿನ ಬೀಗರು ಬಂದು ಕರೆದೊಯ್ಯುವವರಿದ್ದರು. ಆಲ್ಬಂ ಅವಳ ಜೊತೆ ಹೋಗಬೇಕು.

ಆಲ್ಬಂ ಬಂತು. ಎಲ್ಲ ಹಾಳೆಗಳಲ್ಲೂ ಆಕಾಶ ನೀಲಿ.

ಮಾರನೆಯ ದಿನ ಬೆಳಗಿನ ಮೊದಲ ಬಸ್ಸಿಗೇ ಪುಟ್ಟಮಲ್ಲಮ್ಮ ಆಲ್ಬಮ್ಮನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಕಂಪಲಾಪುರಕ್ಕೆ ಬಂದರು. ಅಂಗಡಿಯ ಮೇಜಿನ ಮೇಲೆ ಬಿಚ್ಚಿ, ಒಂಬತ್ತನೇ ಹಾಳೆಯ ಮೇಲೆ ಬೆರಳಿಟ್ಟು ರಾಣಿಯನ್ನು ಕೇಳಿದರು.

"ಇದ್ಯಾರವ್ವ?"

"ಗಂಡಿನ ಸೋದರಮಾವ, ಅಜ್ಜಿ."

"ಕೈಲೇನದೆ?"

"ಕೊಡೆ."

"ಇಂಥ ನೀಲಿ ಆಕಾಸದ ಕೆಳ್ಗೆ ಕೊಡೆ ಯಾಕ್ ಇಡ್ಕಂಡವ್ನೆ? ತಲೆ ಕೆಟ್ಟದಾ ಅವ್ನಿಗೆ?"

ಸೋಮಶೇಖರ್ ನಡುವೆ ಬಾಯಿ ಹಾಕಿದ. "ಬಿಸ್ಲಿಗೂ ಕೊಡೆ ಇಡೀತಾರಲ್ಲಜ್ಜಿ."

"ಬಿಸ್ಲಿಗೆ ಪಂಚೆ ಎತ್ಕಟ್ತಾರಾ? ಅನ್ನದ್ ಕೊಪ್ಪರಿಗೆಗೆ ಟಾರ್ಪಾಲ್ ಒದಿಸ್ತಾರಾ? ನೀನ್ ಸುಮ್ಕಿರಪ್ಪ. ಮಗ, ನಮ್ ಮೋಡ ಏನ್ ಮಾಡ್ದೆ? ನಮ್ ಮೋಡ ನಮ್ಗೆ ಕೊಡು."

ಕೊಡಲು ರಾಣಿಯ ಹತ್ತಿರ ಮೋಡ ಇರಲಿಲ್ಲ. ಮದುವೆ ಕಾಲದಲ್ಲಿ ಒಂದರ ಹಿಂದೊಂದು ಕೆಲಸ; ಆಲ್ಬಂ ಅಚ್ಚಿಗೆ ಹೋದ ಕೂಡಲೇ ಮೂಲ ಫೋಟೋಗಳನ್ನು ಅಳಿಸಿ ಕ್ಯಾಮೆರಾದ ಕಾರ್ಡು ಖಾಲಿ ಮಾಡುವುದು ಅಂಗಡಿಯ ಪದ್ಧತಿ, ಉಳಿಯುವುದು ತಿದ್ದಿದ ಪ್ರತಿಯಷ್ಟೇ. ಮೋಡ ಬೇಕೆಂದು ಕೇಳಿದ ಗಿರಾಕಿ ಆ ಅಂಗಡಿಯ ಚರಿತ್ರೆಯಲ್ಲೇ ಇರಲಿಲ್ಲ. "ಒಂದ್ ಮಾತು ಕೇಳ್ಬೇಕಿತ್ತು ಸಾರ್, ಕೇಳ್ಲಿಲ್ಲ" ಎಂದಳು ನನ್ನ ಹತ್ತಿರ. ನೋಡಿ, ಇಷ್ಟೇ. ದೊಡ್ಡ ದೊಡ್ಡವರು ಇಡೀ ಜಿಲ್ಲೆಯ ಮೋಡವನ್ನೇ ಅಳಿಸಿ ಕೂತಿದ್ದಾರೆ. ಅವರ ಬಾಯಲ್ಲಿ ಇಂಥದೊಂದು ವಾಕ್ಯ ಕೇಳಬೇಕೆಂದು ನಾನು ಇಪ್ಪತ್ತು ವರ್ಷದಿಂದ ಕಾಯುತ್ತಿದ್ದೇನೆ.

ಊರಿನ ಫೋನುಗಳನ್ನೆಲ್ಲ ಜಾಲಾಡಿದರು. ಎಲ್ಲರೂ ತಮ್ಮ ಮುಖ ತೆಗೆದುಕೊಂಡಿದ್ದರು. ಮೋಡವನ್ನು ಯಾರೂ ತೆಗೆದಿರಲಿಲ್ಲ. ಸೋಮಶೇಖರ್ ತನ್ನ ಕಟ್ಟಿನಿಂದ ಒಂದು ಕಪ್ಪು ಮೋಡ ಹುಡುಕಿ ಹಾಕಿಸಿದ. ಅಜ್ಜಿ ಪರದೆಯ ಹತ್ತಿರ ಬಗ್ಗಿ ನೋಡಿ, "ಇದು ನಮ್ದಲ್ಲ. ಇದ್ಯಾವ್ದೋ ಊರು ಸುಡೋ ಹೊಗೆ ಇದ್ದಂಗದೆ. ನಮ್ದು ಬೆಟ್ಟುದ್ ಮೇಲೆ ಒಂದ್ ಕಾಲೂರಿ ನಿಂತಿತ್ತು" ಎಂದರು.

"ಅಂಗಾದ್ರೆ ಅಂಥದ್ದೇ ಬರೋ ಗಂಟ ನಿಮ್ಮನೆ ತಾರಸಿ ಮೇಲೆ ಕೂತ್ಕತೀನಿ ಅಜ್ಜಿ" ಎಂದಳು ರಾಣಿ.

"ಬಾ. ಮುದ್ದೆ ಇಕ್ಕುತೀನಿ."

ಬೀಗರು ಬರಲು ಹನ್ನೊಂದು ದಿನ ಉಳಿದಿತ್ತು. ರಾಣಿ ದಿನಾ ಮಧ್ಯಾಹ್ನದ ಬಸ್ಸಿಗೆ ಬೆಟ್ಟದಪುರಕ್ಕೆ ಹೋಗಿ, ತಾರಸಿಯ ಮೇಲೆ ಕ್ಯಾಮೆರಾ ಹಿಡಿದು ಕೂರತೊಡಗಿದಳು. ಆಷಾಢ ನೋಡಿ, ಗಾಳಿಯ ತಿಂಗಳು. ಮೋಡ ಬರುತ್ತಿತ್ತು, ನಿಲ್ಲುತ್ತಿರಲಿಲ್ಲ, ಬಸ್‌ಸ್ಟ್ಯಾಂಡಿನಲ್ಲಿ ಎಕ್ಸ್‌ಪ್ರೆಸ್ ಬಸ್ಸು ನಿಲ್ಲದೆ ಹೋದ ಹಾಗೆ. ಮೂರನೇ ದಿನಕ್ಕೆ ಸುದ್ದಿ ಊರಿಗೆಲ್ಲ ಹಬ್ಬಿತು. ಐದನೇ ದಿನಕ್ಕೆ ತಾರಸಿಯ ಮೇಲೆ ಹನ್ನೆರಡು ಜನ. ಎಲ್ಲರೂ ಮೋಡದ ಪಂಡಿತರೇ.

"ಇದ್ ತೆಗ್ಯವ್ವ, ಇದು ಸರಿಯಾಗದೆ."

"ಯೋಯ್, ಅದು ಹತ್ತಿ ಕಣಯ್ಯ. ಅವತ್ತಿಂದು ಕರೀ ಎಮ್ಮೆ ಇದ್ದಂಗಿತ್ತು."

"ಎಮ್ಮೆ ಅಲ್ಲ, ಬಸುರಿ ಎಮ್ಮೆ!"

"ನೀನವತ್ತು ಪಾಯಸದ ಕಡೆ ನೋಡ್ತಿದ್ದೆ, ಮೋಡ ಎಲ್ ನೋಡ್ದೆ?"

ಮಾನಸ ಕೆಳಗಿನಿಂದ ಟೀ ಕಳಿಸುತ್ತಿದ್ದಳು. ನಡುನಡುವೆ ತಾನೇ ಹತ್ತಿ ಬಂದು, "ನನ್ ಮದ್ವೇಲೂ ಇಷ್ಟ್ ಜನ ಊಟಕ್ಕೆ ಕೂತಿರ್ಲಿಲ್ಲ" ಎಂದು ನಗುತ್ತಿದ್ದಳು. ಪುಟ್ಟಮಲ್ಲಮ್ಮ ಮಾತ್ರ ನಗದೆ ಪಡುವಣಕ್ಕೆ ಮುಖ ಮಾಡಿ ಕೂತಿರುತ್ತಿದ್ದರು.

ಒಂಬತ್ತನೇ ದಿನ ಮಧ್ಯಾಹ್ನ ಮೂರರ ಹೊತ್ತಿಗೆ ಗಾಳಿ ತಟ್ಟನೆ ನಿಂತಿತು. ಅಜ್ಜಿ ಎದ್ದು ನಿಂತರು. ಕೊಡಗಿನ ಕಡೆಯಿಂದ ಬಂದ ಮೋಡ ನಿಧಾನಕ್ಕೆ ಜಾರಿ, ಬೆಟ್ಟದ ನೆತ್ತಿಯನ್ನು ಮುಚ್ಚಿ, ಒಂದು ಬದಿಯನ್ನು ಇಳಿಜಾರಿನ ಮೇಲೆ ಇಳಿಬಿಟ್ಟು ನಿಂತಿತು. ತಾರಸಿಯ ಮೇಲಿದ್ದವರೆಲ್ಲ ಅಜ್ಜಿಯ ಮುಖ ನೋಡಿದರು.

"ತಗಿ ಮಗ" ಎಂದರು ಅಜ್ಜಿ.

ರಾಣಿ ತೆಗೆದಳು. ಎಪ್ಪತ್ತು ಫೋಟೋ ತೆಗೆಯುವಷ್ಟರಲ್ಲಿ ಮಳೆ ಬಂತು. ಕ್ಯಾಮೆರಾವನ್ನು ಅಜ್ಜಿಯ ಸೆರಗಿನಲ್ಲಿ ಸುತ್ತಿ ಕೆಳಗಿಳಿಸಿದರು. ಹನ್ನೆರಡು ಪಂಡಿತರೂ ತೊಪ್ಪೆಯಾದರು, ಒಬ್ಬರೂ ಓಡಲಿಲ್ಲ.

ಆ ಮೋಡವನ್ನು ಫೋಟೋಗಳಿಗೆ ಕೂರಿಸುವಾಗ ಒಂದು ಸೋಜಿಗವಾಯಿತಂತೆ. ನೀಲಿ ಆಕಾಶ ಹಾಕಿದಾಗ ಮುಖಗಳಿಗೆ ಬಿಸಿಲು ಬಳಿಯಬೇಕಾಗಿತ್ತು. ನೆರಳಿಲ್ಲದ ಕಡೆ ನೆರಳು ಎಳೆಯಬೇಕಾಗಿತ್ತು. ಈಗ ಬಳಿದದ್ದನ್ನೆಲ್ಲ ಉಜ್ಜಿ ತೆಗೆಯುತ್ತ ಹೋದಳು. ಮೋಡದ ಬೆಳಕಿನಲ್ಲಿ ತೆಗೆದ ಮುಖಗಳು ಮೋಡದ ಕೆಳಗೇ ಬಂದು ನಿಂತವು. ಕೊಡೆ ಕೊಡೆಯಾಯಿತು, ಟಾರ್ಪಾಲು ಟಾರ್ಪಾಲಾಯಿತು. "ಇಷ್ಟ್ ವರ್ಸದಲ್ಲಿ ಮೊದ್ಲುನೇ ಸಲ ಸಾರ್, ಮುಖಕ್ಕೂ ಆಕಾಸಕ್ಕೂ ಜಗಳ ಇರ್ಲಿಲ್ಲ" ಎಂದಳು.

ನನ್ನ ಹುಳುಕು ಬುದ್ಧಿ ಸುಮ್ಮನಿರಲಿಲ್ಲ. "ಆದ್ರೂ ಅದು ಅವತ್ತಿನ ಮೋಡ ಅಲ್ಲವಲ್ಲಮ್ಮ. ಇದೂ ಸುಳ್ಳೇ ಅಲ್ಲವೇ?" ಎಂದೆ.

"ಅಜ್ಜೀನೂ ಇದ್ನೇ ಕೇಳುದ್ರು ಸಾರ್" ಎಂದು ಮುಂದಿನದನ್ನು ಹೇಳಿದಳು.

ಬೀಗರು ಬರುವ ದಿನ ಬೆಳಗ್ಗೆ ಹೊಸ ಆಲ್ಬಂ ಹಿಡಿದು ರಾಣಿಯೂ ಸೋಮಶೇಖರನೂ ಬೆಟ್ಟದಪುರಕ್ಕೆ ಹೋದರು. ಪುಟ್ಟಮಲ್ಲಮ್ಮ ಒಂಬತ್ತನೇ ಹಾಳೆಯನ್ನು ತುಂಬ ಹೊತ್ತು ನೋಡಿದರು. ಕಣ್ಣೊರೆಸಿಕೊಂಡರು. ಆಮೇಲೆ, "ಇದು ನಮ್ ಬೆಟ್ಟುದ್ದೇ ಮೋಡ. ಆದ್ರೆ ಅದಲ್ಲ, ಅದ್ರ ತಂಗಿ. ನಾಳೆ ಬೀಗರ ಮನೇಲಿ ಸುಳ್ಳಾಡ್ದಂಗಾಯ್ತದಲ್ಲ?" ಎಂದರು.

"ಯಾರ್ಗ್ ಗೊತ್ತಾಯ್ತದೆ ಬುಡಿ ಅಜ್ಜಿ" ಎಂದ ಸೋಮಶೇಖರ್.

"ನಂಗೊತ್ತಲ್ಲಪ್ಪ. ಮಗ, ನಿನ್ ಅಕ್ಷರ ಚೆಂದಾಗದಾ? ಕೆಳ್ಗೆ ಬರಿ."

ರಾಣಿ ಪೆನ್ನು ತೆಗೆದು, ಆ ನುಣುಪು ಹಾಳೆಯ ಅಂಚಿನಲ್ಲಿ ಬರೆದಳು: "ಮದುವೆ ಜ್ಯೇಷ್ಠದ್ದು. ಮೋಡ ಆಷಾಢದ್ದು."

ಬೀಗರು ಬಂದರು, ಊಟವಾಯಿತು, ಆಲ್ಬಂ ರುಕ್ಮಿಣಮ್ಮನ ತೊಡೆ ಸೇರಿತು. ಒಂಬತ್ತನೇ ಹಾಳೆಗೆ ಅವರ ಕೈ ನಿಂತಿತು. ಕೆಳಗಿನ ಸಾಲನ್ನು ಗಟ್ಟಿಯಾಗಿ ಓದಿದರು. ಬಾಗಿಲ ಹಿಂದೆ ಮಾನಸ, ಕಂಬಕ್ಕೆ ಒರಗಿ ಅಜ್ಜಿ, ಇಬ್ಬರೂ ಕಿವಿಗೊಟ್ಟು ನಿಂತಿದ್ದರು.

"ಇದೇನಮ್ಮ ಇದು?" ಎಂದರು ರುಕ್ಮಿಣಮ್ಮ.

ಪುಟ್ಟಮಲ್ಲಮ್ಮ ಎಲ್ಲವನ್ನೂ ಹೇಳಿದರು. ಒಣಗುತ್ತಿದ್ದ ಸಸಿ, ಮೊರದ ಅಕ್ಕಿ, ಅಳಿಸಿಹೋದ ಮೋಡ, ಒಂಬತ್ತು ದಿನದ ಕಾಯುವಿಕೆ, ತಾರಸಿಯ ಹನ್ನೆರಡು ಪಂಡಿತರು. ರುಕ್ಮಿಣಮ್ಮನಿಗೆ ನಗು ಶುರುವಾಯಿತು, ನಿಲ್ಲಲಿಲ್ಲ, ಹೊಟ್ಟೆ ಹಿಡಿದುಕೊಂಡು ನಕ್ಕರು. ಫೋಟೋದಲ್ಲಿ ಸೀರೆ ಎತ್ತಿಕೊಂಡು ನಿಂತಿದ್ದ ತಮ್ಮನ್ನೇ ತೋರಿಸಿ, "ನನ್ ಮೊಕ ನೋಡಿ, ಎಮ್ಮೆ ಕೆಸ್ರಿಗಿಳ್ದಂಗೆ ಮಾಡ್ಕಂಡಿವ್ನಿ! ನಾಲೆ ನೀರ್ ಕಂಡೋರು ನಾವು. ಮಳೆಗೆ ಕುಣಿಯೋದ್ ನಮ್ಗೆಲ್ ಗೊತ್ತಾಗ್ಬೇಕು? ನಂಗೆ ಯಾರಾದ್ರೂ ಅವತ್ತೇ ಹೇಳ್ಬಾರ್ದಿತ್ತಾ? ಬಾರವ್ವ ಮಾನ್ಸ, ನಿನ್ ಕಾಲು ನಮ್ ಬಯಲ್ ಮೇಲೂ ಬೀಳ್ಲಿ" ಎಂದರು.

ಅಜ್ಜಿ ಆಗ ನಕ್ಕರು. ಹೊರಡುವಾಗ ಮಾನಸ ಆಲ್ಬಮ್ಮನ್ನು ತೊಡೆಯ ಮೇಲಿಟ್ಟುಕೊಂಡು ಕಾರಿನಲ್ಲಿ ಕೂತಳು. ಪುಟ್ಟಮಲ್ಲಮ್ಮ ಕಿಟಕಿಯೊಳಗೆ ತಲೆ ಹಾಕಿ, ಮೊಮ್ಮಗಳಿಗಲ್ಲ, ಬೀಗಿತಿಗೇ ತಾಕೀತು ಮಾಡಿದರು: "ನಿಮ್ ಕೇರಿಯೋರ್ಗೆ ಬರೀ ಒಡವೆ ಸೀರೆ ತೋರುಸ್ಬುಟ್ಟು ಮುಚ್ಚಿ ಮಡಗ್ಬ್ಯಾಡ್ರಿ. ಒಂಬತ್ತನೇ ಹಾಳೆ ತೋರ್ಸಿ, ಕೆಳ್ಗಡೆ ಬರ್ದಿರೋದ್ನೂ ಓದೇಳಿ."

"ಗಟ್ಟಿಯಾಗೇ ಓದ್ತೀನಿ, ಬುಡಿ" ಎಂದರು ರುಕ್ಮಿಣಮ್ಮ.